ಏಳು ಫೋಟೊ

ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಪರಿಚಯವಿಲ್ಲದ ಒಬ್ಬ ಅಕ್ಕ, ಅವಳ ತಮ್ಮ ಕೂತಿದ್ದರು. ತಮ್ಮನ ಕಾರು ಸ್ಕೂಟರೊಂದಕ್ಕೆ ಗುದ್ದಿತ್ತು, ಸ್ಕೂಟರಿನವರು ಒಳಗಿದ್ದರು.

"ಗುದ್ದಿದ ತಕ್ಷಣ ಏನ್ಮಾಡ್ದೆ?" ಅಕ್ಕ ಕೇಳಿದಳು.

"ಭಾವ ಹೇಳ್ಕೊಟ್ಟಿದ್ದನ್ನ ಚಾಚೂ ತಪ್ಪದೆ ಮಾಡ್ದೆ. ಇಂಜಿನ್ ಆಫ್ ಮಾಡಿ, ಇನ್ಶೂರೆನ್ಸ್‌ನೋರು ಕೇಳ್ತಾರಂತ ಫೋಟೊ ತೆಗೆದೆ. ಏಳು ಫೋಟೊ."

"ಕೊಡು ಇಲ್ಲಿ."

ಕನ್ನಡಕ ಏರಿಸಿಕೊಂಡು ಒಂದೊಂದೇ ನೋಡಿದಳು.

"ಬಂಪರ್. ನಂಬರ್ ಪ್ಲೇಟು. ಈ ಮೂಲೇಲಿ ಕೂತಿರೋರು ಅವ್ರೇನಾ?"

"ಹೂಂ."

"ಇದ್ರಲ್ಲಿ ಕೈ ಎತ್ತಿದಾರಲ್ಲೋ."

"ಫೋಟೊ ತೆಗೀಬೇಡ ಅಂತಿದಾರೆ ಅಂದ್ಕೊಂಡೆ."

"ಆರನೇದ್ರಲ್ಲಿ ಮಲಗ್ಬಿಟ್ಟಿದಾರೆ. ಏಳನೇದು ಮತ್ತೆ ಬಂಪರ್ರು!"

"ಆರನೇದ್ರಲ್ಲಿ ಬಂಪರ್ ಸರಿಯಾಗಿ ಬಂದಿರ್ಲಿಲ್ಲ, ಅಕ್ಕ."

ಅಕ್ಕ ಕನ್ನಡಕ ತೆಗೆದಳು.

"ಮೊದ್ಲು ಮನುಷ್ಯರನ್ನ ನೋಡು ಅಂತ ನಿಮ್ಮ ಭಾವ ಹೇಳಿರ್ಲಿಲ್ವಾ?"

"ಇಲ್ಲ. ಅದನ್ನೂ ಹೇಳ್ಕೊಡ್ಬೇಕಾ ಅಂತ ಬಿಟ್ಟಿರ್ಬೇಕು."

ಬಾಗಿಲು ತೆರೆಯಿತು. "ಸ್ಕೂಟರಿನವರ ಕಡೆಯೋರು ಯಾರಿದೀರಾ?" ನರ್ಸ್ ಕೇಳಿದರು.

ಬೆಂಚುಗಳಿಂದ ಯಾರೂ ಏಳಲಿಲ್ಲ. ನರ್ಸ್ ಇನ್ನೊಮ್ಮೆ ಕೇಳಿದರು.

"ನಾನೇ, ಸಿಸ್ಟರ್," ಎಂದು ತಮ್ಮ ಎದ್ದ.

ಫೋನನ್ನು ಅಕ್ಕನ ಕೈಯಲ್ಲೇ ಬಿಟ್ಟು ಒಳಗೆ ಹೋದ.