ಹಿಮದುಂಡೆಯ ಒಕ್ಕಲು

ಹಲೋ… ಹಲೋ, ಯಾರು ಮಾತಾಡುದು? ಬೆಳ್ಳಾರೆಯಾ? ಸಾಹುಲ್ ಹಮೀದರ ಅಂಗಡಿಯಾ?…

ಹಾಂ, ಸಾಹುಲರೇ, ನಾನು ಪುತ್ತೂರಿಂದ, ಕೃಷ್ಣಮೋಹನ. ಹೌದು, ಶಾಲೆಯ ಮ್ಯಾನೇಜರ್. ಶಾಲೆಗೆ ಹತ್ತಿರ ಫೋನ್ ಇರುದು ನಿಮ್ಮಲ್ಲಿ, ಅದಕ್ಕೆ ತೊಂದರೆ ಕೊಡುದು. ಶೀಲಾವತಿ ಟೀಚರನ್ನು ಸ್ವಲ್ಪ ಕರೀರಿ ಮಾರಾಯ್ರೆ. ಟ್ರಂಕ್ ಕಾಲ್ ಅಂತ ಹೇಳಿ, ಓಡಿ ಬರ್ತಾರೆ…

…ಬಂದಿರಾ ಟೀಚರೇ? ಏದುಸಿರು ಬಿಡ್ತಾ ಇದ್ದೀರಿ. ಎಂತ ಹೆದರಿಕೆ? ಇವತ್ತು ಶಾಲೆಯ ವಾರ್ಷಿಕೋತ್ಸವ ಅಲ್ವಾ, ನಿಮ್ಮ ನಾಟಕದ ಬಗ್ಗೆ ಎರಡು ಮಾತು ಕೇಳುವ ಅಂತ ಅಷ್ಟೇ…

ಹೌದು, ನಿನ್ನೆ ರಿಹರ್ಸಲ್ ಆಗುವಾಗ ಬಂದಿದ್ದೆ. ಹಿಂದಿನ ಬೆಂಚಿನಲ್ಲಿ ಕೂತಿದ್ದೆ, ನಿಮಗೆ ಕಾಣಲಿಲ್ಲ. ಚಂದ ಉಂಟು. ಪೂರ್ತಿ ನೀವೇ ಬರೆದದ್ದಾ?… ಭೇಷ್. ರಷ್ಯದವರು ಮನುಷ್ಯನನ್ನು ಮೇಲೆ ಕಳಿಸಿದ್ದೇ ತಡ, ನೀವು ಧೂಮಕೇತುವಿನ ಮೇಲೆ ಊರೇ ಕಟ್ಟಿದಿರಿ. ಧೂಮಕೇತು ಕಂಡರೆ ನಮ್ಮ ಹಿರಿಯರು ಬಾಗಿಲು ಹಾಕ್ಕೊಳ್ತಾ ಇದ್ದರು…

ಅಲ್ಲ, ನನಗೆ ಸರಿ ಗೊತ್ತಾಗಲಿಲ್ಲ, ಅದಕ್ಕೆ ಕೇಳುದು. ಸೂರ್ಯ ಅಂದರೆ ಒಂದು ಚುಕ್ಕಿ ಮಾತ್ರ ಕಾಣುವಷ್ಟು ದೂರ. ಅಲ್ಲಿ ಕತ್ತಲಲ್ಲಿ ಮಂಜುಗಡ್ಡೆಯ ಗುಡ್ಡೆಗಳು ತಿರುಗ್ತಾ ಉಂಟು, ಅವೇ ಧೂಮಕೇತು, ಅಲ್ವಾ?… ಒಂದೊಂದು ಎಷ್ಟು ದೊಡ್ಡದು?… ಹಾಂ, ಬೆಳ್ಳಾರೆಯಿಂದ ನಿಂತಿಕಲ್ಲಿಗೆ ಹೋದಷ್ಟು, ನಾಲ್ಕೈದು ಮೈಲು. ಅಷ್ಟೇಯಾ? ಅದರ ಹೊಟ್ಟೆಗೆ ಸುರಂಗ ತೋಡಿ ಮನೆ ಮಾಡುದು. ಮಂಜು ಕರಗಿಸಿದರೆ ನೀರು, ನೀರು ಒಡೆದರೆ ಉಸಿರು. ಮತ್ತೆ ಊಟಕ್ಕೆ?… ದೀಪದ ಬೆಳಕಿಗೆ ಭತ್ತ ಬೆಳೆಯುದಾ? ಒಳ್ಳೆದು, ಒಳ್ಳೆದು…

ಆ ಸುರಂಗದ ಯೋಚನೆ ಎಲ್ಲಿಂದ ಬಂತು ಟೀಚರೇ?… ಪುಸ್ತಕದಲ್ಲಿ ಓದಿದ್ದಾ? ನನಗೆ ಹಾಗೆ ಕಾಣುದಿಲ್ಲ. ನಿಮ್ಮ ಅಪ್ಪ ಬೆಳ್ಯಪ್ಪ ನೀರಿಗೆ ಅಂತ ನನ್ನ ಗುಡ್ಡೆಯಲ್ಲಿ ಒಂದು ಸುರಂಗ ತೋಡಿದ. ನೀವು ಸಣ್ಣವರು, ಬುಟ್ಟಿಯಲ್ಲಿ ಮಣ್ಣು ಹೊರ್ತಾ ಇದ್ದಿರಿ, ನನಗೆ ಚೆನ್ನಾಗಿ ನೆನಪುಂಟು. ನೀರು ಬಂತು. ಬಂದ ನೀರನ್ನು ನಾನು ನನ್ನ ತೋಟಕ್ಕೆ ತಿರುಗಿಸಿದೆ. ಗುಡ್ಡೆ ನನ್ನದು, ನೀರು ನನ್ನದು. ಅದರಲ್ಲಿ ಎಂತ ತಪ್ಪು?…

ನೀನು ತಪ್ಪು ಅಂತ ಹೇಳಲೇ ಇಲ್ಲವಾ? ಹೇಳಿದ್ದಿ. ಕೊನೆಯ ದೃಶ್ಯದಲ್ಲಿ ಹೇಳಿದ್ದಿ. ಭೂಮಿಯಿಂದ ಒಡೆಯ ಬಂದು ಪಾಲು ಕೇಳ್ತಾನೆ. ಆಗ ಆ ಸುರಂಗದ ಊರಿನ ಮುದುಕಿ ಎದ್ದು ನಿಂತು ಎಂತ ಹೇಳುದು? ಹೇಳು, ಕೇಳ್ತೇನೆ… ಜೋರಾಗಿ… ಹಾಂ. "ಸುರಂಗ ತೋಡಿದವನಿಗೆ ಉಸಿರು. ನೀನು ಬಂದ ದಾರಿಯಲ್ಲಿ ಹೋಗು." ನಿನ್ನೆ ಮಕ್ಕಳೆಲ್ಲ ಚಪ್ಪಾಳೆ ಹೊಡೆದರು. ಇವತ್ತು ಊರೇ ಹೊಡೀತದೆ. ನಾನು ಎದುರು ಕುರ್ಚಿಯಲ್ಲಿ ಹಾರ ಹಾಕ್ಕೊಂಡು ಕೂತು ಹಲ್ಲು ಕಿರಿಯಬೇಕು, ಅಲ್ವಾ?…

ನಿಮ್ಮನ್ನು ಎಣಿಸಿ ಬರೆದದ್ದಲ್ಲ ಅಂತ ಹೇಳಬೇಡ. ಉಂಡ ಮನೆಗೆ ಎರಡು ಬಗೆಯುದು ಅಂದರೆ ಇದುವೇ. ಅಲ್ಲಿಗೆ ಇನ್ನೂ ಒಂದು ನರಪಿಳ್ಳೆ ಹೋಗಲಿಲ್ಲ, ಅಷ್ಟರಲ್ಲಿ ಗೇಣಿ ಕೊಡುದಿಲ್ಲ ಅಂತ ನಿನ್ನ ತೀರ್ಮಾನ. ಕೂಸು ಹುಟ್ಟುವ ಮೊದಲೇ ಕುಲಾವಿ. ನಿನಗೆ ಈ ಕೆಲಸ ಕೊಟ್ಟವ ಯಾರು?… ನಿನ್ನ ಅಪ್ಪನಿಗೆ ಗದ್ದೆ ಕೊಟ್ಟವ?… ಅದು ಶಾಶ್ವತದ ಮೂಲಗೇಣಿಯಾ, ವರ್ಷವರ್ಷದ ಚಾಲಗೇಣಿಯಾ?… ಹಾಂ, ಚಾಲಗೇಣಿ. ಅಂದರೆ ನಾನು ಈ ಬಿಸು ಹಬ್ಬಕ್ಕೆ ಗದ್ದೆ ಬಿಟ್ಟು ಏಳು ಅಂದರೆ ಅವ ಏಳಬೇಕು…

ಅಳಬೇಡ. ಸಾಹುಲರ ಅಂಗಡಿಯಲ್ಲಿ ಜನ ಇರ್ತಾರೆ, ಟೀಚರು ಅತ್ತರೆ ಚಂದ ಕಾಣುದಿಲ್ಲ. ನಾಟಕ ನಿಲ್ಲಿಸು ಅಂತ ನಾನು ಹೇಳಿದೆನಾ? ಮಾಡಲೇಬೇಕು. ಶಾಲೆಯ ಇನ್ಸ್‌ಪೆಕ್ಟರು ಬರ್ತಾರೆ. ಕೊನೆ ಮಾತ್ರ ಸರಿ ಇಲ್ಲ. ನಿನಗೆ ಬುದ್ಧಿ ಉಂಟು, ಆದರೆ ನೀನು ಅರ್ಧದಲ್ಲೇ ಯೋಚನೆ ನಿಲ್ಲಿಸಿದ್ದಿ…

ಕೇಳು. ಇಲ್ಲಿ ನಾನು ಗದ್ದೆ ಬಿಡಿಸಿದರೆ ನಿನ್ನ ಅಪ್ಪ ಕೋಡಿಂಬಾಳಕ್ಕೆ ಹೋಗಿ ಇನ್ನೊಬ್ಬರ ಕಾಲು ಹಿಡಿಯಬಹುದು. ಮಾರ್ಗದ ಬದಿಯಲ್ಲಿ ಮಲಗಿದರೂ ಗಾಳಿ ಪುಕ್ಕಟೆ ಉಂಟು. ಅಲ್ಲಿ? ಆ ಮಂಜಿನ ಮನೆಯಿಂದ ಹೊರಗೆ ಹಾಕಿದರೆ ಎಷ್ಟು ಹೊತ್ತು ಬದುಕ್ತಾರೆ?… ನೀನೇ ಹೇಳು, ನೀನೇ ಅಲ್ವಾ ಬರೆದದ್ದು… ಹಾಂ, ಬದುಕುದಿಲ್ಲ. ಮತ್ತೆ ನೀರು ಒಡೆದು ಉಸಿರು ಮಾಡುವ ಮೆಷಿನು ಯಾರದ್ದು? ಆ ಮುದುಕಿ ಹೆತ್ತದ್ದಾ? ಭೂಮಿಯಿಂದ ಒಡೆಯ ಕಳಿಸಿದ್ದು. ಅದಕ್ಕೊಂದು ನಲ್ಲಿ ಇರ್ತದೆ. ತಿರುಗಿಸಿದರೆ ಆಯಿತು, ಉಸಿರು ಬಂದ್. ಅಂಥ ಜಾಗದಲ್ಲಿ ಧಣಿ ಇಲ್ಲ ಅಂತ ಬರೆದಿದ್ದಿ. ಅಲ್ಲಿ ಇರುವಷ್ಟು ದೊಡ್ಡ ಧಣಿ ಇಲ್ಲಿ ಹುಟ್ಟಲಿಕ್ಕೇ ಸಾಧ್ಯ ಇಲ್ಲ ಮಾರಾಯ್ತಿ. ನಿಜ ಹೇಳುದಾದರೆ ನನಗೆ ನಿನ್ನೆ ಆಸೆ ಆಯಿತು, ಅಂಥದ್ದೊಂದು ಗುಡ್ಡೆ ನನಗೂ ಇದ್ದಿದ್ದರೆ ಅಂತ…

…ಯಾರು, ಎಕ್ಸ್‌ಚೇಂಜಾ? ಮೂರು ನಿಮಿಷ ಆಯಿತಾ? ಇನ್ನೊಂದು ಮೂರು ಕೊಡಿ ಮಾರಾಯ್ರೆ…

ಹಾಂ, ಶೀಲಾವತಿ. ಹೊಸ ಕೊನೆ ಹೀಗೆ. ಮುದುಕಿ ಆ ಮಾತು ಹೇಳಲಿ, ಬೇಡ ಅಂತ ಇಲ್ಲ. ಒಡೆಯ ಸೀದಾ ಮೆಷಿನಿನ ಹತ್ತಿರ ಹೋಗ್ತಾನೆ. ನಲ್ಲಿ ತಿರುಗಿಸ್ತಾನೆ. ಊರವರು ಒಬ್ಬೊಬ್ಬರೇ ಕುತ್ತಿಗೆ ಹಿಡ್ಕೊಂಡು ಬೀಳ್ತಾರೆ. ಮುದುಕಿ ತೆವಳಿಕೊಂಡು ಬಂದು ಒಡೆಯನ ಕಾಲಿಗೆ ತಲೆ ಇಡುದು. ಆಗ ಅವ ನಲ್ಲಿ ಬಿಡ್ತಾನೆ. ಪರದೆ. ಹೇಗುಂಟು?…

ಮುದುಕಿಯ ಪಾರ್ಟ್ ಯಾರದ್ದು?… ಏಳನೇ ಕ್ಲಾಸಿನ ಲೋಲಾಕ್ಷಿಯಾ? ಬೇಡ, ನೀನೇ ಮಾಡು. ಆ ಹುಡುಗಿಗೆ ಕಾಲಿಗೆ ಬೀಳ್ಲಿಕ್ಕೆ ಸರಿ ಬರ್ಲಿಕ್ಕಿಲ್ಲ. ನಿಮ್ಮ ಮನೆಯಲ್ಲಿ ಅಭ್ಯಾಸ ಉಂಟು…

ಎಂತ? ಆಗುದಿಲ್ಲವಾ? ಇನ್ನೊಮ್ಮೆ ಹೇಳು… ಸರಿ. ಹಾಗಾದರೆ ಫೋನ್ ಇಡಬೇಡ. ನಿನ್ನ ಅಪ್ಪ ಇಲ್ಲೇ ಇದ್ದಾನೆ. ಹೌದು, ಪುತ್ತೂರಲ್ಲಿ, ನನ್ನ ಜಗಲಿಯಲ್ಲಿ. ನಾನೇ ಹೇಳಿ ಕಳಿಸಿದ್ದು, ಬಾಳೆಗೊನೆ ಹೊತ್ತುಕೊಂಡು ಬಂದಿದ್ದಾನೆ. ಸಂಜೆ ನನ್ನ ಕಾರಲ್ಲೇ ನಾಟಕಕ್ಕೆ ಕರ್ಕೊಂಡು ಬರ್ತೇನೆ ಅಂತ ಹೇಳಿದ್ದೇನೆ. ಅವನಿಗೆ ಖುಷಿಯೋ ಖುಷಿ. ನಾಟಕ ಹೇಗೆ ಮುಗಿಯುದು ಅಂತ ಅವನಿಗೆ ನೀನೇ ಹೇಳು… ಏ ಬೆಳ್ಯಪ್ಪ, ಒಳಗೆ ಬಾ. ಬಾ, ಪರವಾಗಿಲ್ಲ. ಮಗಳು ಮಾತಾಡ್ತಾಳೆ. ಉಲ್ಟಾ ಹಿಡಿದಿದ್ದಿ, ಇದು ಕಿವಿಗೆ. ನಿಮ್ಮ ಮನೆಮಾತು ಅರೆಭಾಷೆ ಬೇಡ, ಕನ್ನಡದಲ್ಲಿ ಮಾತಾಡು, ನನಗೂ ಕೇಳಬೇಕು.

"ಹಲೋ… ಶೀಲಾ… ನಾನು ಮಗಳೇ, ಅಪ್ಪ. ಕೇಳ್ತದಾ?… ಹಾಂ, ನನಗೆ ಕೇಳ್ತದೆ, ಪಕ್ಕದಲ್ಲೇ ಇದ್ದ ಹಾಗೆ… ನಾಟಕವಾ? ಕೊನೆಗೆ ಎಂತ ಆಗ್ತದೆ?… ಮುದುಕಿ ಹೇಳ್ತಾಳಾ? ಒಡೆಯನಿಗೆಯಾ?… ಸುರಂಗ ತೋಡಿದವನಿಗೆ… ಬಂದ ದಾರಿಯಲ್ಲಿ ಹೋಗು ಅಂತಲಾ? ಹಹ್ಹಹ್ಹ, ಲಾಯ್ಕ ಉಂಟು ಮಗಳೇ. ಭಾರಿ ಲಾಯ್ಕ ಉಂಟು. ಮತ್ತೆ ಅವ ಹೋಗ್ತಾನಾ?… ಹೋಗ್ತಾನಂತೆ ಧಣಿ. ಬಾಯಿ ಮುಚ್ಚಿಕೊಂಡು ಹೋಗ್ತಾನಂತೆ."

ನಗು ಬೆಳ್ಯಪ್ಪ, ಚೆನ್ನಾಗಿ ನಗು. ಆ ಒಡೆಯ ಯಾರು ಗೊತ್ತುಂಟಾ? ನಾನು. ಆ ಸುರಂಗ ನೀನು ನನ್ನ ಗುಡ್ಡೆಯಲ್ಲಿ ತೋಡಿದ್ದು. ಊರೆಲ್ಲ ನೋಡುವಾಗ ನಿನ್ನ ಮಗಳು ನನ್ನನ್ನು ಅಟ್ಟುದು. ಅಟ್ಟಿದರೆ ಬಿಸುವಿಗೆ ನೀನು ಗದ್ದೆಯಿಂದ ಏಳು. ಅದರ ಬದಲು ಅವಳು ಸ್ಟೇಜಿನಲ್ಲಿ ಒಡೆಯನ ಕಾಲಿಗೆ ಬಿದ್ದರೆ ನೀನು ಗದ್ದೆಯಲ್ಲೇ ಕೂತುಕೋ. ಎಂತ ಮಾಡ್ತಾಳೆ ಅಂತ ಕೇಳು. ಫೋನ್ ನಿನ್ನ ಕೈಯಲ್ಲೇ ಉಂಟಲ್ಲ, ಕೇಳು.

"ಮಗಳೇ… ನಾನು ನಗಾಡಬಾರದಿತ್ತು. ನನಗೆ ಗೊತ್ತಿರಲಿಲ್ಲ… ಇಲ್ಲ, ಹೊಡೆಯಲಿಲ್ಲ. ಇಲ್ಲೇ ನಿಂತಿದ್ದಾರೆ… ಹಾಗೆ ಹೇಳಿದರೆ ಹೇಗೆ? ನಿನ್ನ ಅಮ್ಮ ಎಲ್ಲಿಗೆ ಹೋಗುದು? ದನವನ್ನು ಎಲ್ಲಿ ಕಟ್ಟುದು?… ಬೀಳು ಮಗಳೇ. ಒಂದು ಸಲ ಅಲ್ವಾ. ನಾನು ಎದುರಲ್ಲೇ ಕೂತಿರ್ತೇನೆ. ಬೀಳುವಾಗ ನನ್ನನ್ನು ನೋಡು. ಅಪ್ಪನ ಕಾಲಿಗೆ ಬೀಳುದು ಅಂತ ಎಣಿಸು. ನಾನು ಕೂತಲ್ಲಿಂದಲೇ ಆಶೀರ್ವಾದ ಮಾಡ್ತೇನೆ… ಹಾಂ… ಹಾಂ… ಅಳಬೇಡ… ಬೀಳ್ತಾಳಂತೆ ಧಣಿ."

ಕೊಡು ಇಲ್ಲಿ… ಹಲೋ, ಟೀಚರೇ. ಒಪ್ಪಿದಿರಂತೆ, ಸಂತೋಷ. ನಿಮ್ಮ ಅಪ್ಪ ಹೇಳಿದ್ದು ನಾನೂ ಕೇಳಿದೆ, ಒಳ್ಳೆ ಉಪಾಯ. ಹಾಗಾದರೆ ಒಂದು ಸಣ್ಣ ಬದಲಾವಣೆ ಉಂಟು, ಬರ್ಕೊಳ್ಳಿ. ಬೆಳ್ಯಪ್ಪ ಎದುರಲ್ಲಿ ಕೂರುದು ಬೇಡ. ಅವನಿಗೂ ನಾಟಕದ ಊರವರು ಉಡುವಂಥ ಒಂದು ಬಿಳಿ ಮುಂಡು ತೆಗೆದಿಡಿ, ಅವನೂ ಸ್ಟೇಜಿಗೆ ಬರ್ತಾನೆ, ನಿಮ್ಮ ಪಕ್ಕಕ್ಕೇ. ಮತ್ತೆ ಒಡೆಯನ ಪಾರ್ಟಿಗೆ ಮಕ್ಕಳು ಬೇಡ, ನಾನೇ ನಿಲ್ತೇನೆ. ನೀವಿಬ್ಬರೂ ಒಟ್ಟಿಗೆ ಬಂದು ನನ್ನ ಕಾ… ಹಲೋ… ಟೀಚರೇ… ಹಲೋ…