ಎಕ್ಕದ ಸಾಲಿನ ಚಿಟ್ಟೆ

…ರೆಕ್ಕೆಯ ಬಣ್ಣದವರೆಗೆ ಬಂದಿದ್ದೆ, ನಿನ್ನೆ ವಾರ್ಷಿಕೋತ್ಸವದಲ್ಲಿ ಅಧ್ಯಕ್ಷರು ಗಂಟೆ ಬಾರಿಸಿದಾಗ. ಅಲ್ಲಿಂದಲೇ ಮುಂದುವರಿಸುತ್ತೇನೆ. ಮಾನ್ಯ ಅಧ್ಯಕ್ಷರಾದ ಸಿದ್ದಮಲ್ಲಪ್ಪನವರೇ, ಪಿರಿಯಾಪಟ್ಟಣದಿಂದ ದಯಮಾಡಿಸಿರುವ ಇನ್‌ಸ್ಪೆಕ್ಟರ್ ಸಾಹೇಬರೇ, ತಾಯಂದಿರೇ, ಸಭಿಕರೇ, ಇವತ್ತು ನನ್ನ ಬೀಳ್ಕೊಡುಗೆ. ಇವತ್ತು ಗಂಟೆ ಬಾರಿಸುವ ಹಾಗಿಲ್ಲ.

ಬೆಟ್ಟದ ಕೆಳಗಿನ ಈ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಪಾಠ ಹೇಳಿದವನಿಗೆ ಶಾಲು ಹೊದಿಸಿದಿರಿ. ಎಚ್.ಡಿ. ಕೋಟೆಯ ಬೀಟೆಮರದ ಕುರ್ಚಿ ಕೊಟ್ಟಿರಿ. ‘ಇನ್ನು ಆರಾಮಾಗಿ ಕೂತ್ಕಳಿ ಮೇಷ್ಟ್ರೇ’ ಎಂದಿರಿ. ಕೂರುತ್ತೇನೆ. ಆದರೆ ನಾಳೆ ಬೆಳಿಗ್ಗೆ ಶಾಲೆಯ ಹಿಂದಿನ ಎಕ್ಕದ ಸಾಲನ್ನು ಅಗೆಸಿ ತಂತಿಬೇಲಿ ಹಾಕಿಸುತ್ತೀರಂತೆ. ಅದು ಕೂಡದು.

ಏಕೆ ಕೂಡದು? ಆ ಸಾಲಿನ ಚಿಟ್ಟೆ ನಿಮಗೆಲ್ಲ ಗೊತ್ತು. ಬೆಲ್ಲದ ಕಂದು, ಬಿಸಿಲಿಗೆ ಬಂದರೆ ಕಿತ್ತಳೆ. ರೆಕ್ಕೆಯ ತುದಿಗೆ ಕಾಡಿಗೆ, ಕಾಡಿಗೆಯ ನಡುವೆ ಬಿಳಿ ಪಟ್ಟಿ. ಮೈಸೂರಿನಲ್ಲಿ ನಮ್ಮ ಪ್ರೊಫೆಸರು ಹೇಳುತ್ತಿದ್ದರು: ‘ಪ್ಲೇನ್ ಟೈಗರ್, ಜಂಟಲ್‌ಮೆನ್! ವೈಡ್ಲಿ…’ ವೈಡ್ಲಿ ಏನೋ ಒಂದು. ಅರ್ಥ ಇಷ್ಟೇ, ಆಫ್ರಿಕಾದಿಂದ ಆಸ್ಟ್ರೇಲಿಯಾದವರೆಗೂ ಉಂಟು. ನಮ್ಮ ಸೀಮೆಯ ಭೇರ್ಯದಲ್ಲೂ ಉಂಟು. ಮೊಟ್ಟೆ ಇಡುವುದು ಎಕ್ಕದಂಥ ಹಾಲುಗಿಡದ ಎಲೆಗೆ. ನಾವು ಮುಟ್ಟಲು ಹೆದರುವ ಆ ಎಲೆಯನ್ನೇ ತಿಂದು ಪಟ್ಟೆಪಟ್ಟೆಯ ಹುಳು ವಿಷವನ್ನು ಮೈಯಲ್ಲಿ ಉಳಿಸಿಕೊಳ್ಳುತ್ತದೆ. ಹಕ್ಕಿ ಒಮ್ಮೆ ಕುಕ್ಕಿದರೆ ಮತ್ತೆ ಹತ್ತಿರ ಸುಳಿಯದು. ಅದಕ್ಕೇ ಈ ಚಿಟ್ಟೆಗೆ ಅವಸರವಿಲ್ಲ. ಹುಣಸೂರು ಸಂತೆಗೆ ಬಂದ ಬೀಗರ ಹಾಗೆ ಸಾವಕಾಶವಾಗಿ ಹಾರುತ್ತದೆ.

ಎಕ್ಕದ ಹಾಲು ಮಕ್ಕಳ ಕಣ್ಣಿಗೆ ಬಿದ್ದೀತು ಎನ್ನುತ್ತೀರಿ. ನಿಜ. ಮೊದಲ ದಿನವೇ ಹೇಳಿಕೊಟ್ಟಿದ್ದೇನೆ: ನೋಡಬೇಕು, ಕೀಳಬಾರದು. ಇಷ್ಟು ವರ್ಷದಲ್ಲಿ ಒಂದು ಕಣ್ಣಾದರೂ ಹೋಯಿತೇ?

ಮುಂದಿನದನ್ನು ಹೇಳಬೇಕೆಂದಿರಲಿಲ್ಲ. ಮೊದಲ ಹೆಂಡತಿ ನೀಲಾಂಬಿಕೆ ತೀರಿಹೋದಳು. ಆಮೇಲೆ ಕೈಹಿಡಿದ ಗುರುಶಾಂತಮ್ಮನೂ ಹೋದಳು. ಮೂವತ್ತೆಂಟನೇ ಇಸವಿಯಲ್ಲಿ ಮೂರನೆಯ ಮದುವೆಗೆ ಭೇರ್ಯದ ಹೆಣ್ಣು ಗೊತ್ತಾಯಿತು. ನಮ್ಮಕ್ಕ ಬಸವಮ್ಮ ಅಂದಳು: ‘ಮೂರ್ನೇದು ಆಗಿಬರಕ್ಕಿಲ್ಲ ಕಣ್ಲಾ. ಮೊದ್ಲು ಎಕ್ಕದ ಗಿಡಕ್ಕೆ ತಾಳಿ ಕಟ್ಟಿ, ಅದ್ನ ಕಡ್ದಾಕ್ಬುಡು. ಸಾವು ಅದ್ರ ಜೊತೇಲೇ ಓಯ್ತದೆ. ಆಮ್ಯಾಕೆ ಬರೋಳು ನಾಕ್ನೇಯವಳು, ಅವಳ್ಗೇನೂ ಆಗಕ್ಕಿಲ್ಲ.’

ಈ ಶಾಲೆಯ ಹಿಂದಿನ ಗಿಡಕ್ಕೇ ಅರಿಶಿನದ ಕೊಂಬು ಕಟ್ಟಿದೆ. ಕುಡುಗೋಲು ಎತ್ತಿದೆ. ಎಲೆಯ ಕೆಳಗೆ ಒಂದು ಕೋಶ ತೂಗುತ್ತಿತ್ತು, ಒಳಗಿನ ಕಿತ್ತಳೆ ಬಣ್ಣ ಹೊರಗೆ ಕಾಣುವಷ್ಟು ತೆಳುವಾಗಿ. ‘ಕಡಿ ಕಣ್ಲಾ, ಮುಹೂರ್ತ ಮೀರ್ತದೆ!’ ಎಂದಳು ಅಕ್ಕ. ‘ತಡಿಯಕ್ಕ, ಒಳಗಿರೋದು ಈಚೆಗೆ ಬಂದ್ಬುಡ್ಲಿ’ ಎಂದೆ. ಬಂತು. ರೆಕ್ಕೆ ಒಣಗಿಸಿಕೊಂಡಿತು. ಹಾರಿತು. ಮುಹೂರ್ತವೂ ಹಾರಿತ್ತು, ಕುಡುಗೋಲು ಮತ್ತೆ ಏಳಲಿಲ್ಲ. ಇಬ್ಬರನ್ನು ಮಣ್ಣು ಮಾಡಿದ ಕೈ, ಸಭಿಕರೇ. ಗಿಡ ನಿಂತಿರುವಾಗ ಹೆಣ್ಣು ಕೊಡೆವೆಂದು ಭೇರ್ಯದವರು ಎದ್ದು ಹೋದರು. ‘ಎಕ್ಕದ ಜೊತೇಲೇ ಸಂಸಾರ ಮಾಡ್ಕೋ ಓಗು’ ಎಂದು ಅಕ್ಕ ಬೈದಳು. ಮಾಡಿದೆ. ಹತ್ತೊಂಬತ್ತು ವರ್ಷ. ಒಂದು ದಿನ ಜಗಳವಿಲ್ಲ.

ಇನ್ನೂ ಹೇಳುವುದಿತ್ತು… ಕಿಟಕಿಯಲ್ಲಿ ಬೆಳಕು ಹೋಗುತ್ತಿದೆ, ಮುಂದಿನ ಸಾಲಿನವರ ಮುಖವೇ ಕಾಣುತ್ತಿಲ್ಲ. ಈ ಹೊತ್ತಿಗೆ ಅವು ರೆಕ್ಕೆ ಮಡಿಸಿ ಕಡ್ಡಿಗೆ ಜೋತುಬಿದ್ದಿರುತ್ತವೆ. ನಿಲ್ಲಿಸುತ್ತೇನೆ. ಶಾಲಿಗೆ, ಹಾರಕ್ಕೆ ವಂದನೆ. ಕುರ್ಚಿಗೆ ಎಲ್ಲಕ್ಕಿಂತ ಹೆಚ್ಚಿನ ವಂದನೆ. ಅದನ್ನು ನನ್ನ ಮನೆಗೆ ಹೊರಿಸಬೇಡಿ. ಎಕ್ಕದ ಸಾಲಿನ ಮುಂದೆ ಇಡಿಸಿ. ನಾಳೆ ಗುದ್ದಲಿ ಬರುವ ಮೊದಲೇ ನಾನು ಅದರಲ್ಲಿ ಆರಾಮಾಗಿ ಕೂತಿರುತ್ತೇನೆ.

ನಮಸ್ಕಾರ.