ತೊಟ್ಟಿಯ ನಡುವಿನ ಸುಣ್ಣದ ಗೆರೆ

ಬನ್ನೂರಿನ ಹತ್ತಿರದ ನಮ್ಮ ತೊಟ್ಟಿಮನೆಯನ್ನು ಅಪ್ಪ, ಚಿಕ್ಕಪ್ಪ ಇಬ್ಬರೂ ಪಾಲು ಮಾಡಿಕೊಳ್ಳುವ ಮಾತೆತ್ತಿದ್ದ ದಿನಗಳವು. ಮಳೆ ಹಿಡಿದ ಸಂಜೆ ಎಲ್ಲರೂ ಅಪ್ಪನ ಅವ್ವ ಮುದ್ದಜ್ಜಿಯ ಸುತ್ತ ಕೂತಿದ್ದೆವು. ಚಾಪೆ ಹಿಡಿದಿದ್ದರೂ ಅಜ್ಜಿಯ ನಾಲಿಗೆಗೆ ಮುಪ್ಪು ಬಂದಿರಲಿಲ್ಲ. ಎಲೆಯಡಿಕೆ ದವಡೆಗೆ ಒತ್ತಿಕೊಂಡು ಶುರುಮಾಡಿದಳು.

"ಕೇಳ್ರಪ್ಪಾ... ಪಿಲೇಗು ಬಂದೋದ ಮಾರ್ನೇ ವರ್ಸ. ನಾನು ಈ ಮನೆಗೆ ಒಸಾ ಸೊಸೆ. ನಮ್ಮಾವ ಬೆಟ್ಟಯ್ಯ, ಅವನ ತಮ್ಮ ಚಾಮಯ್ಯ, ಅಪ್ಪ ಸತ್ತೇಟ್ಗೆ ಮನೆ ಪಾಲು ಮಾಡ್ಕಂಡು ತೊಟ್ಟಿ ನಡುವೆ ಸುಣ್ಣದ ಗೆರೆ ಎಳುದ್ರು. ಒರಳು ಅಣ್ಣಂಗೆ, ಒನಕೆ ತಮ್ಮಂಗೆ... ಇನ್ನು ಬತ್ತ ಕುಟ್ಟೋರ್ಯಾರು? ಮನೆ ತುಂಬ ಬತ್ತ ಮಡಿಕಂಡು ಎಲ್ರೂ ಗೆಣಸು ತಿಂದೋ!

ಅವರವ್ವ ಮಂಚಮ್ಮ ಸಾಯಕ್ಕೆ ಮಲಗಿದ ದಿನ ಅಯ್ನೋರು ಪಂಚಾಂಗ ನೋಡಿ, 'ನಕ್ಷತ್ರ ಸರಿಯಿಲ್ಲ, ಇವತ್ತು ಜೀವ ಓದ್ರೆ ಆ ಮನೆಗೆ ಆರು ತಿಂಗಳು ಬೀಗ' ಅಂದ್ಬುಟ್ರು. ಸರಿ... ಅವ್ವ ಬಿಕ್ಕುದ್ರೆ ಸಾಕು, ನಮ್ಮಾವ ಚಾಪೆ ಸಮೇತ ಎಳ್ಕಂಡೋಗಿ ತಮ್ಮನ ಪಡಸಾಲೇಲಿ ಬುಡೋನು. ಅಲ್ಲಿ ಗೊರ್ ಅಂದ್ರೆ ಚಾಮಯ್ಯ ವಾಪಸ್ ಎಳಿಯೋನು. ಕೊನೇಗೆ ಅಣ್ಣ ತಮ್ಮನ ಕಡೆ, ತಮ್ಮ ಅಣ್ಣನ ಕಡೆ ನಿಂತ್ಕಂಡು ಜಗ್ಗಿ ಜಗ್ಗಿ... ಚಾಪೆ ಪರ್ರಂತ ಅರದು, ಅವ್ವ ಮಳೇಲಿ ಗೆರೆ ಮೇಲೇ ಬಿದ್ಲು. 'ಒಂದ್ ಕಡೆ ಮಲಗ್ಸ್ರೋ ಮಕ್ಳಾ...' ಅಷ್ಟೇ. ಓಗ್ಬುಟ್ಲು.

ಅಳೋದು ಬುಟ್ಟು ಅವರೇನ್ ಮಾಡುದ್ರು ಗೊತ್ತಾ? ತಲೆ ಯಾರ ಕಡೆ, ಕಾಲು ಯಾರ ಕಡೆ ಅಂತ ನೋಡುದ್ರು! ಪಾಪಿ ನನ್ಮಕ್ಳು. ನೀನೇ ಬೀಗ ಆಕು, ನೀನೇ ಆಕು ಅಂತ ಕಿತ್ತಾಡಿ ಯಾರೂ ಆಕ್ನಿಲ್ಲ.

ಅವತ್ತಿಂದ ಶುರುವಾಯ್ತು... ಸರ್ರ್, ಸರ್ರ್ ಅಂತ ಚಾಪೆ ಎಳಿಯೋ ಸದ್ದು. ಬೆಳಿಗ್ಗೆ ಅಣ್ಣ ಕಣ್ಬುಟ್ರೆ ತಮ್ಮನ ಪಡಸಾಲೆ, ತಮ್ಮ ಕಣ್ಬುಟ್ರೆ ಅಣ್ಣಂದು. 'ನನ್ ಮನೇಗ್ಯಾಕ್ಲಾ ಬಂದೆ' ಅಂತ ದಿನಾ ಬಡದಾಟ. ನಗ್ತೀರಾ? ನಗ್ರಿ. ಊರೂ ನಕ್ತು... ಇಬ್ರೂ ಅದೇ ಗೆರೆ ಮೇಲೆ, ಅರದೋದ ಚಾಪೇನ ಅರ್ಧರ್ಧ ಅಡೀಗಾಕ್ಕಂಡು ಸೆಟದು ಬಿದ್ದಿರೋಗಂಟ."

ಅಜ್ಜಿ ಎಲೆಯಡಿಕೆ ಉಗಿದಳು. ಅಪ್ಪ, ಚಿಕ್ಕಪ್ಪ ನೆಲ ನೋಡುತ್ತಿದ್ದರು.

"ನೆನ್ನೆ ನಾನು ಮಲಗಿದ್ದು ಈ ಪಡಸಾಲೇಲಿ. ಬೆಳಿಗ್ಗೆ ಕಣ್ಬುಟ್ಟಿದ್ದು ಆಚೇ ಪಡಸಾಲೇಲಿ. ಎಳದಿದ್ದು ನೀವೇ ಆಗಿದ್ರೆ ಯೋಳ್ಬುಡ್ರಲಾ... ನಿಮ್ಮ ಎತ್ತವ್ವ ನಾನು, ಬೈಯಕಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ಇಲ್ಲವೆಂದು ತಲೆಯಾಡಿಸಿದರು. ಸುಳ್ಳು ಹೇಳುವ ಮುಖಗಳಾಗಿರಲಿಲ್ಲ.

"ನೀವಲ್ವಾ?" ಅಜ್ಜಿ ಕಾಲು ಮಡಚಿಕೊಂಡಳು. "ಅಂಗಾರೆ ಇವತ್ತು ನಿಮ್ ನಿಮ್ ಚಾಪೆ ಗಟ್ಟಿಯಾಗ್ ಇಡ್ಕಂಡು ಮಲಿಕಳಿ..."